ಅಮ್ಮ ಎಣ್ಣೆ ಹಚ್ಚಿದ ಟಯರು

ಮಾತನ್ನು ಅರ್ಧಕ್ಕೇ ಬಿಟ್ಟು ಹೋದ ಅಣ್ಣನಿಗೆ,

ಮೂರೂವರೆ ಗಂಟೆಗೆ ಪೋರ್ಚಿನ ತಗಡಿನ ಮೇಲೆ ಮಳೆ ಬಿದ್ದ ಸದ್ದಾಯಿತು. ಅದಕ್ಕೆ ಎಚ್ಚರವಾಯಿತು ಅನ್ನಬೇಕು. ಆದರೆ ಬಾಲೆ ಹುಟ್ಟಿದ ಮೇಲೆ ನಾನು ಮಲಗುವುದೆಂದರೆ ಕಣ್ಣು ಮಾತ್ರ ಮುಚ್ಚುವುದು, ಕಿವಿ ತೆರೆದೇ ಇರುತ್ತದೆ. ಒಂದು ವಾರ ಮಳೆ ಬಿಟ್ಟಿತ್ತು. ಮಳೆಗಾಲ ಮುಗಿಯಿತು ಎಂದು ನಿನ್ನ ಬಾವ ನವೀನ್ ಮತ್ತು ಅವರ ಗೆಳೆಯರು ತಾವೇ ತೀರ್ಮಾನಿಸಿ, ಇವತ್ತು ಬೆಳಿಗ್ಗೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವುದೆಂದು ನಿಶ್ಚಯ ಮಾಡಿದ್ದಾರೆ. ನವೀನ್ ಹೋಗುವುದು ನಿನ್ನ ಬೈಕಿನಲ್ಲಿ. ಆ ಬೈಕಿಗೆ ಹಾಕಿರುವುದು ನೀನು ತಂದಿಟ್ಟ ಟಯರು. ಅದಕ್ಕಾಗಿ ಈ ಕಾಗದ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕಷ್ಟಪಟ್ಟು ಓದಿಕೋ. ನಿನಗೆ ಈಗ ಬೇರೆ ಎಂತ ಕೆಲಸ?

ಮಸ್ಕತ್ತಿನ ಟಯರಿನ ಅಂಗಡಿಯಿಂದ ನೀನು ವಿಡಿಯೋ ಕಾಲ್ ಮಾಡಿದ್ದು ನೆನಪುಂಟಾ? ನಾನು ಎಂ.ಎಸ್ಸಿ. ಪರೀಕ್ಷೆಗೆ ಓದುತ್ತಾ ಕೂತಿದ್ದೆ. ನೀನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಟಯರಿನ ಬೆನ್ನು ಸವರುತ್ತಾ ಪಾಠ ಶುರು ಮಾಡಿದೆ. "ನೋಡು, ಮಧ್ಯದ ರಬ್ಬರ್ ಗಟ್ಟಿ, ಎರಡೂ ಬದಿಯದ್ದು ಮೆತ್ತಗೆ. ಹೈವೇಯಲ್ಲಿ ನೇರ ಹೋಗುವಾಗ ಮಧ್ಯ ಸವೆಯುದಿಲ್ಲ. ತಿರುವಿನಲ್ಲಿ ಬೈಕು ಮಲಗಿಸಿದ್ರೆ ಬದಿ ಹಿಡ್ಕೊಳ್ತದೆ. ನನ್ನದು ಸ್ಪೋರ್ಟ್ ಟೂರಿಂಗ್ ಬೈಕ್ ಅಲ್ವಾ, ಅದಕ್ಕೆ ಎರಡೂ ಬೇಕು." ಮಳೆಗೆ ಹೇಗೆ ಎಂದು ಕೇಳಿದೆ. "ನೀನೊಬ್ಬಳು ಯಾವಾಗ್ಲೂ ಮಳೆ ಮಳೆ ಅಂತ ಸಾಯ್ತಿ. ಮಳೆಗೆ ಇನ್ನೊಂದು ಕಂಪೆನಿಯದ್ದು ಇದಕ್ಕಿಂತ ಒಳ್ಳೇದು. ಆದ್ರೆ ಬಾಳಿಕೆ ಕಡಿಮೆ." ಹಾಗಾದರೆ ಅದನ್ನೇ ತೆಗೊ ಅಂದೆ. "ಊರಲ್ಲಿ ಈ ಸೈಜು ಕೂಡ್ಲೇ ಸಿಗುದಿಲ್ಲ ಮಾರಾಯ್ತಿ. ಬಾಳಿಕೆ ಬರುದನ್ನೇ ತೆಗೊಳ್ತೇನೆ. ಎರಡು ಜೊತೆ." ಎರಡು ಜೊತೆ ಯಾಕೆ ಎಂದು ನಾನು ಕೇಳುವಷ್ಟರಲ್ಲಿ ನೀನು ಫೋನು ಇಟ್ಟಿದ್ದೆ. ಇವತ್ತು ಕೇಳುತ್ತಿದ್ದೇನೆ. ಯಾಕೆ ಎರಡು ಜೊತೆ?

ಕಾರ್ಗೋ ಬಂದ ದಿನ ಬಂದರಿನ ನಮ್ಮ ಮನೆಯಲ್ಲಿ ಹಬ್ಬ. ನಾಲ್ಕು ಟಯರುಗಳ ಹೊಟ್ಟೆಯೊಳಗೂ ಜಾಗ ಹಾಳಾಗಬಾರದೆಂದು ನೀನು ಸೋಪು, ಹಾಲಿನ ಪುಡಿಯ ಪೊಟ್ಟಣ, ಸೊಂಟನೋವಿನ ಮುಲಾಮು ತುರುಕಿ, ಮೇಲಿನಿಂದ ಬೆಡ್‌ಶೀಟು ಸುತ್ತಿ ಕಳಿಸಿದ್ದೆ. ಅಮ್ಮ ಒಂದೊಂದಾಗಿ ಹೊರಗೆ ತೆಗೆದದ್ದು, ಬೂತಾಯಿ ಮೀನಿನ ಹೊಟ್ಟೆಯಿಂದ ತತ್ತಿ ತೆಗೆಯುವಷ್ಟು ಜಾಗ್ರತೆಯಲ್ಲಿ. ನೀನು ಊರಿಗೆ ಬಂದವನು ಒಂದು ಜೊತೆ ಬೈಕಿಗೆ ಹಾಕಿಸಿಕೊಂಡೆ. ಇನ್ನೊಂದು ಜೊತೆ ಬೋಟು ಕಟ್ಟುವ ದಕ್ಕೆಯ ಹತ್ತಿರ ಕೇಶವ ಮಾಮನ ಬಲೆ ಗೋಡೌನಿನಲ್ಲಿ, ತಗಡಿನ ಮಾಡಿನ ಅಡಿಯಲ್ಲಿ, ಹಗ್ಗಕ್ಕೆ ನೇತಾಡಿತು. ಬೇಸಗೆಯಲ್ಲಿ ಆ ಗೋಡೌನಿನೊಳಗೆ ಒಂದು ಗಳಿಗೆ ನಿಲ್ಲಲು ಆಗುವುದಿಲ್ಲ ಎಂದು ನಿನಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಯಾಕೆಂದರೆ ಅದೇ ಗೋಡೌನಿನ ಬಾಗಿಲಲ್ಲಿ ಕೂತು ನೀನು ನನಗೆ ಟಯರಿನ ಬದಿಯ ನಾಲ್ಕು ಅಂಕಿ ತೋರಿಸಿದ್ದೆ. "ಇದು ಇದರ ಜಾತಕ. ಮೊದಲ ಎರಡು ಅಂಕಿ ವಾರ, ಆಮೇಲಿನದ್ದು ವರ್ಷ. ರಬ್ಬರ್ ಅಂದ್ರೆ ಬ್ರೆಡ್ಡಿನ ಹಾಗೆ. ತಿಂದ್ರೂ ಮುಗೀತದೆ, ಇಟ್ರೂ ಮುಗೀತದೆ. ಐದು ವರ್ಷ ದಾಟಿದ್ದು ಹೊಸದಿದ್ರೂ ನಾನು ಅದರ ಮೇಲೆ ಕೂರುವವ ಅಲ್ಲ." ನನ್ನ ಹತ್ತಿರ ಹೇಳಿದೆ, ಸರಿ. ಮಾಮನ ಹತ್ತಿರ ಹೇಳಿದೆಯಾ? ನವೀನ್ ಹತ್ತಿರ? ಅಮ್ಮನ ಹತ್ತಿರ? ಪಾಠವನ್ನೆಲ್ಲ ತಂಗಿಗೆ ಕೊಟ್ಟು, ಟಯರನ್ನು ಮಾತ್ರ ಮನೆಯವರೆಲ್ಲರ ಪಾಲಿಗೆ ಬಿಟ್ಟು ಹೋಗುವುದು ಯಾವ ನ್ಯಾಯ? ನಿನಗೆ ಬಂದದ್ದು ಒಂದು ವಾರದ ಇಲಿಜ್ವರ. ಮೊದಲ ಎರಡು ದಿನ ಬರಿ ಮೈಕೈ ನೋವು ಅಂದೆ. ಆಮೇಲೆ…

ನಿನ್ನ ಕಾರ್ಯಕ್ಕೆ ಬಂದವರಲ್ಲಿ ಅರ್ಧ ಜನ ಅಂಗಳದಲ್ಲಿ ನಿಂತ ಬೈಕನ್ನು ನೋಡಿ ತಲೆ ಅಲ್ಲಾಡಿಸಿದರು, ಅದೇ ನಿನ್ನನ್ನು ಕೊಂದ ಹಾಗೆ. "ಬೈಕಿನ ಮರ್ಲ್ ಮಾರಾಯ್ರೆ, ಹುಚ್ಚು, ನಾವು ಹೇಳಿದ್ದೆವು" ಎಂದು ಒಬ್ಬರು ಅಂದದ್ದು ನನಗೆ ಕೇಳಿಸಿತು. ಜ್ವರದಲ್ಲಿ ಸತ್ತವನ ಬಗ್ಗೆ ಇದು ಮಾತು. ಬೈಕು ಮಾರುವ ಸುದ್ದಿ ಎತ್ತಿದವರಿಗೆ ಅಮ್ಮ ಚಹಾ ಕೊಡುವುದನ್ನೇ ನಿಲ್ಲಿಸಿದಳು. ಮೂರು ವರ್ಷ ಅದು ಟಾರ್ಪಲ್ ಹೊದ್ದು ನಿಂತೇ ಇತ್ತು. ಈ ಮಳೆಗಾಲದ ಕೊನೆಗೆ ನವೀನ್ ಅದನ್ನು ಕಾವೂರಿನ ನಮ್ಮ ಮನೆಗೆ ತಂದು, ಕಂಕನಾಡಿಯ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದು ದಿನಾ ಸಂಜೆ ಒರೆಸಿ, ಬ್ಯಾಟರಿ ಹಾಕಿ, ಎಂಜಿನ್ ಎಬ್ಬಿಸಿದರು. ಆ ಸದ್ದು ಕೇಳಿ ನಾನು ಅಡುಗೆಮನೆಯಲ್ಲಿ ಅತ್ತೆ. ಬೈಕು ಓಡುವುದು ನನಗೆ ಬೇಡ ಎಂದು ತಿಳಿಯಬೇಡ. ಹಳೇ ಟಯರು ಪೂರ್ತಿ ಹೋಗಿತ್ತು, ಹೊಸತು ಬೇಕು ಎಂದಾಗ ಆರಿಸುವ ಕೆಲಸ ನಾನೇ ವಹಿಸಿಕೊಂಡೆ.

ಬಾಲೆಗೆ ಹಾಲು ಕುಡಿಸುತ್ತಾ ಎಷ್ಟು ಓದಿದೆ ಗೊತ್ತುಂಟಾ? ಯಾವುದರ ರಬ್ಬರು ತಣ್ಣಗಿನ ಒದ್ದೆ ರಸ್ತೆಯಲ್ಲೂ ಹಿಡಿಯುತ್ತದೆ, ಯಾವುದರ ಗೆರೆ ನೀರನ್ನು ಬೇಗ ಹೊರಗೆ ಹಾಕುತ್ತದೆ, ಯಾವುದು ಸವೆದ ಮೇಲೂ ತಿರುವಿನಲ್ಲಿ ಹಟ ಮಾಡುವುದಿಲ್ಲ. ಗಂಡಸರು ಬರೆದದ್ದರಲ್ಲೆಲ್ಲ ಒಂದೇ ಪ್ರಶ್ನೆ: ಎಷ್ಟು ಸಾವಿರ ಕಿಲೋಮೀಟರ್ ಬರುತ್ತದೆ? ನಿಲ್ಲಲು ಎಷ್ಟು ದೂರ ಬೇಕು ಎಂದು ಮೊದಲು ಕೇಳುವವರು ಯಾಕೆ ಇಷ್ಟು ಕಡಿಮೆ? ವರ್ಷಕ್ಕೆ ನಾಲ್ಕು ಸಲ ಹೊರಡುವ ಬೈಕಿನ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ. ಅಂಥದಕ್ಕೆ ಬಾಳಿಕೆಯೆಂದರೆ ತಯಾರಾದ ತಾರೀಕು ಹೊಸದಿರಬೇಕು, ನೆರಳಲ್ಲಿ ಇಟ್ಟಿರಬೇಕು, ಗಾಳಿ ಸರಿ ಇರಬೇಕು. ಇದನ್ನೆಲ್ಲ ಹೇಳಿದಾಗ ನವೀನ್ ಒಪ್ಪಿದ್ದರು. "ಆಯ್ತು, ಆರ್ಡರ್ ಮಾಡುವ" ಅಂದಿದ್ದರು. ಹೋದ ಭಾನುವಾರದ ಊಟದವರೆಗೆ.

ಭಾನುವಾರ ಅಮ್ಮನ ಮನೆಯಲ್ಲಿ ಬಂಗುಡೆ ಪುಳಿಮುಂಚಿ ಬಡಿಸುವಾಗ ಮಾಮ ಕೇಳಿದರು, "ಟಯರ್ ಎಂತಕ್ಕೆ ತರಿಸುದು? ದಿನೇಶ ತಂದದ್ದು ಗೋಡೌನಲ್ಲಿ ಉಂಟಲ್ಲ, ಹೊಸ ಮದುಮಗಳ ಹಾಗೆ."

"ಅದಕ್ಕೆ ವಯಸ್ಸಾಯ್ತು ಮಾಮ."

"ಟಯರಿಗೆ ಎಂಥ ವಯಸ್ಸು ಮಗಳೇ? ನನ್ನ ಬೋಟಿನ ಬದಿಗೆ ಕಟ್ಟಿದ ಲಾರಿ ಟಯರು ನೀನು ಶಾಲೆಗೆ ಹೋಗುವಾಗಿಂದ ಉಂಟು. ಉಪ್ಪುನೀರು ಕುಡಿದು, ಬಿಸಿಲು ತಿಂದು, ದಿನಾ ದಕ್ಕೆಗೆ ಗುದ್ದಿಸಿಕೊಂಡು ಎಂತಾದ್ರೂ ಆಗಿದ್ದುಂಟಾ?"

"ಅದು ಓಡುದಿಲ್ಲ, ನೇತಾಡ್ತದೆ."

"ಓಡುದಕ್ಕಿಂತ ನೇತಾಡುದು ಕಷ್ಟ. ಬೇಕಾದ್ರೆ ಒಂದು ದಿನ ನಿನ್ನ ಗಂಡನನ್ನು ಬೋಟಿನ ಬದಿಗೆ ಕಟ್ಟಿ ನೋಡು."

ನಗು. ನವೀನ್ ಎಲ್ಲರಿಗಿಂತ ಜೋರಾಗಿ ನಕ್ಕರು. ಕಿವಿರು ಎತ್ತಿ ನೋಡಿ ಮೀನು ಯಾವತ್ತಿನದೆಂದು ಹೇಳುವ ಮಾಮ, ಟಯರಿನ ಬದಿಯಲ್ಲಿ ಅಚ್ಚೊತ್ತಿದ ವರ್ಷವನ್ನು ನೋಡಲು ತಯಾರಿಲ್ಲ. ನಮ್ಮವರಿಗೆ ಟಯರೆಂದರೆ ಸಾಯದ ವಸ್ತು. ರಸ್ತೆ ಬಿಟ್ಟ ಮೇಲೆ ದೋಣಿಗೆ ಬಂದು ಇನ್ನೊಂದು ಆಯುಸ್ಸು ಬಾಳುವುದನ್ನು ಕಣ್ಣಾರೆ ನೋಡಿದವರು. ನಾನು ಜಗಳಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಮ್ಮ ಒಳಗೆ ಹೋಗಿ ಒಂದು ಬಾಟಲಿ ತಂದಳು. ಮೀನೆಣ್ಣೆ. ಅಜ್ಜ ಮರದ ದೋಣಿಗೆ ಹಚ್ಚುತ್ತಿದ್ದದ್ದು.

"ವಾರಕ್ಕೊಮ್ಮೆ ಹೋಗಿ ಹಚ್ಚಿದ್ದೇನೆ" ಅಂದಳು. "ಎಣ್ಣೆ ಕುಡಿದ ದೋಣಿ ಬಿರಿಯುದಿಲ್ಲ ಅಂತ ನಿನ್ನಜ್ಜ ಹೇಳ್ತಿದ್ರು. ಅವನ ಟಯರೂ ಬಿರಿಯುದಿಲ್ಲ. ಹೋಗಿ ನೋಡು, ಹೇಗೆ ಹೊಳೀತಾ ಉಂಟು."

ಅಣ್ಣ, ಮರಕ್ಕೆ ಔಷಧಿಯಾದದ್ದು ರಬ್ಬರಿಗೆ ವಿಷ. ಮೂರು ವರ್ಷ ಅಮ್ಮ ಪ್ರೀತಿಯಿಂದ, ಬೆರಳಿನಿಂದ, ಗೆರೆಗೆರೆಯೊಳಗೆ ಅದನ್ನು ತಿಕ್ಕಿದ್ದಾಳೆ. ಆ ಮುಖ ನೋಡಿಕೊಂಡು ನಾನು ಎಂತ ಹೇಳಲಿ?

ನಿನ್ನೆ ಕಂಕನಾಡಿಯ ಟಯರಿನ ಅಂಗಡಿಯಲ್ಲಿ ಬಾಲೆಯನ್ನು ಸೊಂಟದಲ್ಲಿಟ್ಟುಕೊಂಡು ನಾನೂ ನಿಂತಿದ್ದೆ. ಅವಳ ಬಾಯಿ ಒರೆಸುವ ಬಟ್ಟೆಯಿಂದ ಟಯರಿನ ಎಣ್ಣೆ ತಿಕ್ಕಿ ತೆಗೆದೆ. ಒಳಗೆ ಸಣ್ಣ ಸಣ್ಣ ಬಿರುಕು, ಬೇಸಗೆಯಲ್ಲಿ ಅಮ್ಮನ ಹಿಮ್ಮಡಿ ಇರುವ ಹಾಗೆ. ಅದರ ಪಕ್ಕದಲ್ಲಿ ನಾಲ್ಕು ಅಂಕಿ. ನೀನು ತರುವಾಗಲೇ ಅದು ಒಂದು ವರ್ಷ ಹಳೆಯದು; ಈಗ ಐದು ದಾಟಿ ಆರು. ಉಗುರಿನಿಂದ ಒತ್ತಿದರೆ ಗುರುತೂ ಬೀಳಲಿಲ್ಲ, ರಬ್ಬರು ಅಷ್ಟು ಗಡುಸಾಗಿತ್ತು. ನಾನು ಗಟ್ಟಿಯಾಗಿ ಓದಿ ಹೇಳಿದೆ. ಅಂಗಡಿಯವನು ನನ್ನ ಕಡೆ ತಿರುಗಲೂ ಇಲ್ಲ. "ಸರ್, ಮೇಡಂ ಭಾರೀ ಟೆನ್ಷನ್ ಮಾಡ್ತಾರೆ. ಮಾಲು ಗಟ್ಟಿ ಉಂಟು, ಸ್ಟಿಕ್ಕರ್ ಕೂಡ ಹೋಗಿಲ್ಲ" ಎಂದು ನವೀನ್‌ಗೆ ಹೇಳಿ ಹಾಕಿಯೇಬಿಟ್ಟ. ದಾರಿಯಲ್ಲಿ ನವೀನ್, "ಎಲ್ಲರೆದುರು ಮಾನ ತೆಗೀಬೇಡ ಮಾರಾಯ್ತಿ" ಅಂದರು.

ರಾತ್ರಿ ಊಟ ಆದ ಮೇಲೆ ಕೊನೆಯ ಸಲ ಕೇಳಿದೆ. "ಘಾಟಿಯಲ್ಲಿ ನಿಧಾನ ಹೋಗ್ತೇನೆ" ಅಂದರು.

"ನಿಧಾನ ಹೋದ್ರೆ ರಬ್ಬರ್ ಮೆತ್ತಗಾಗ್ತದಾ?"

"ದಿನೇಶ ಬಾವ ಆರಿಸಿದ ಟಯರು ಅದು. ಬಾವನಿಗಿಂತ ನಿನಗೆ ಜಾಸ್ತಿ ಗೊತ್ತುಂಟಾ?"

ಇದಕ್ಕೆ ಉತ್ತರ ಯಾರು ಕೊಡಬೇಕು? ನೀನು ಇರುವಾಗ ನಿನ್ನ ಮಾತು ಯಾರು ಕೇಳುತ್ತಿದ್ದರು? ಮಾಮ ನಿನ್ನನ್ನು ದಿನಕ್ಕೊಮ್ಮೆ ಬೈಯದೆ ಊಟ ಮಾಡುತ್ತಿರಲಿಲ್ಲ. ಸತ್ತ ಮೇಲೆ ನೀನು ಹೇಳಿದ್ದೆಲ್ಲ ಸರಿ, ತಂದದ್ದೆಲ್ಲ ಶಾಶ್ವತ. ನೀನು ನಿಜವಾಗಿ ಹೇಳಿದ್ದನ್ನು ನಾನು ಹೇಳಿದರೆ ಅದು ನನ್ನ ಹೆದರಿಕೆ, ಹೆತ್ತವಳ ನಿದ್ದೆಗೇಡು, ಹೆಂಗಸರ ಟೆನ್ಷನ್. ನನಗೆ ಹೆದರಿಕೆ ಇದೆ. ಇರಬಾರದೇ? ಬಾಲೆಗೆ ಹನ್ನೊಂದು ತಿಂಗಳು. ಅವಳ ಹೆಸರು ಸಾನ್ವಿ, ನಿನಗೆ ಗೊತ್ತಿಲ್ಲ. ಅವಳ ಅಪ್ಪ ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಮೀನೆಣ್ಣೆ ಹಚ್ಚಿದ ರಬ್ಬರಿನ ಮೇಲೆ… ಈ ವಾಕ್ಯವನ್ನು ನಾನು ಮುಗಿಸುವುದಿಲ್ಲ.

ಮಳೆಯ ಸದ್ದಿಗೆ ಎದ್ದವಳು ನೇರ ಬರೆಯಲು ಕೂರಲಿಲ್ಲ. ನೀನು ನನ್ನ ಸ್ಕೂಟರಿಗೆಂದು ಕೊಟ್ಟಿದ್ದ, ವಾಲ್ವಿನ ಪಿನ್ನು ಬಿಚ್ಚುವ ಆ ಪುಟ್ಟ ಕೀಲಿ ಇನ್ನೂ ನನ್ನ ಕೀಗೊಂಚಲಿನಲ್ಲಿದೆ. ಪೋರ್ಚಿಗೆ ಹೋಗಿ ಮುಂದಿನ ಚಕ್ರದ್ದು ಬಿಚ್ಚಿದೆ, ಆಮೇಲೆ ಹಿಂದಿನದ್ದು. ಗಾಳಿಯೆಲ್ಲ ಹೋಗುವ ತನಕ ಅಲ್ಲೇ ಕೂತಿದ್ದೆ. ಎರಡೂ ಪಿನ್ನು ಈಗ ಬಾಲೆಯ ಸೆರೆಲಾಕ್ ಡಬ್ಬಿಯೊಳಗಿದೆ. ನಿಜವನ್ನು ನಂಬಿಸಲು ಕಳ್ಳಿಯ ಹಾಗೆ ಕತ್ತಲಲ್ಲಿ ಕೂರಬೇಕಾಯಿತಲ್ಲ ಎಂದೇ ನನಗೆ ರೋಷ.

ನವೀನ್ ಐದಕ್ಕೆ ಏಳುತ್ತಾರೆ. ಕೂಗುತ್ತಾರೆ. ಅವರ ಕೂಗು ನಾನು ತಾಳಿಕೊಳ್ಳುತ್ತೇನೆ. ನಾನು ಆರಿಸಿದ ಜೊತೆಯನ್ನು ಈಗಷ್ಟೇ ಆರ್ಡರ್ ಮಾಡಿದ್ದೇನೆ, ಮಳೆಯಲ್ಲಿ ಹಿಡಿಯುವಂಥದ್ದು. ಅದು ಬಂದ ಮೇಲೆ ಮಡಿಕೇರಿಗೆ ಅವರನ್ನು ನಾನೇ ಎಬ್ಬಿಸಿ ಕಳಿಸುತ್ತೇನೆ, ಇದು ಮಾತು. ನೀನು ತಂದದ್ದನ್ನು ಬಿಸಾಡಲು ಬಿಡುವುದಿಲ್ಲ. ಮಾಮನ ಬೋಟಿನ ಬದಿಗೆ ಕಟ್ಟಿಸುತ್ತೇನೆ. ಅಲ್ಲಿ ಅವು ಮಾಮ ಹೇಳಿದ ಹಾಗೆಯೇ ಬಾಳಲಿ, ಅಮ್ಮ ದಕ್ಕೆಗೆ ಹೋದಾಗ ನೋಡಲಿ.

ಆದರೆ ಅದನ್ನು ಅಮ್ಮನಿಗೆ ಯಾರು ಹೇಳುವುದು? ಬೆಳಗಾದರೆ ನವೀನ್ ಮಾಮನಿಗೆ ಹೇಳುತ್ತಾರೆ, ಮಾಮ ಅಮ್ಮನಿಗೆ: ನಿನ್ನ ಮಗಳು ದಿನೇಶನ ಟಯರಿನ ಗಾಳಿ ತೆಗೆದಳಂತೆ. ಅವಳು ಮೊದಲು ಯಾಕೆ ಎಂದು ಕೇಳುತ್ತಾಳೆ. ಅದು ಕೆಟ್ಟಿತ್ತು ಅನ್ನಬೇಕು. ಹೇಗೆ ಕೆಟ್ಟಿತು ಎಂದು ಕೇಳಿದರೆ? ನೀನು ಹಚ್ಚಿ ಹಚ್ಚಿ ಕೆಡಿಸಿದೆ ಎಂದು ನಾನು ಹೇಳಲೇ? ಮಗನದ್ದೆಂದು ಉಳಿದದ್ದನ್ನು ಉಳಿಸಿಕೊಂಡಿದ್ದೇನೆ ಎಂದು ವಾರವಾರ ಬಾಟಲಿ ಹಿಡಿದು ನಡೆದುಹೋದವಳಿಗೆ? ನನ್ನಿಂದ ಆಗುವುದಿಲ್ಲ. ಗಂಡನೆದುರು ನಿಲ್ಲುತ್ತೇನೆ, ಮಾಮನೆದುರು ನಿಲ್ಲುತ್ತೇನೆ. ಇದೊಂದು ಆಗುವುದಿಲ್ಲ.

ಇದು ನೀನು ಮಾಡಬೇಕಾದ ಕೆಲಸ. ಒಂದು ಫೋನು ಮಾಡು. ನನಗಲ್ಲ, ಅಮ್ಮನಿಗೆ. "ಅಮ್ಮ, ಅದರ ಕಾಲ ಮುಗೀತು, ನಿನ್ನ ತಪ್ಪಲ್ಲ, ಹೇಳದೆ ಹೋದದ್ದು ನಾನು" ಎಂದಷ್ಟೇ ಹೇಳು. ನಿನ್ನ ಹಳೇ ನಂಬರನ್ನು ಕಂಪೆನಿಯವರು ಬೇರೆ ಯಾರಿಗೋ ಕೊಟ್ಟಿದ್ದಾರೆ, ನಾನು ಒಮ್ಮೆ ಮಾಡಿ ನೋಡಿದ್ದೇನೆ. ಪರವಾಗಿಲ್ಲ, ಯಾವ ನಂಬರಿನಿಂದಾದರೂ ಮಾಡು. ನೀನು ಹೋದ ಮೇಲೆ ಅಮ್ಮ ಗೊತ್ತಿಲ್ಲದ ಒಂದು ಕರೆಯನ್ನೂ ಬಿಟ್ಟವಳಲ್ಲ, ಸಾಲ ಬೇಕಾ ಎಂದು ಕೇಳುವ ಹುಡುಗಿಯರಿಗೂ "ಯಾರು ಮಗಾ?" ಅನ್ನುತ್ತಾಳೆ. ಫೋನನ್ನು ತಲೆದಿಂಬಿನ ಹತ್ತಿರವೇ ಇಟ್ಟು ಮಲಗುತ್ತಾಳೆ. ಒಂದೇ ರಿಂಗಿಗೆ ಎತ್ತುತ್ತಾಳೆ, ಅಣ್ಣ. ಬೆಳಗಾಗುವ ಮುಂಚೆ ಮಾಡು.