ಹುಲಿಕೆರೆ ಕಲ್ಯಾಣಿಯಲ್ಲಿ ಮಲಗಿದ ಮಗು

ಅರಸೀಕೆರೆ
9 ಫೆಬ್ರವರಿ 2025

ಪ್ರೀತಿಯ ಚಿತ್ರಕ್ಕನಿಗೆ,

ನೀನು, ಭಾವ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಬಾಯಿಬಿಟ್ಟು ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೈ ಈಗ ಪರವಾಗಿಲ್ಲ. ಬಾಣಾವರದ ಶಾಲೆಗೆ ಮತ್ತೆ ಹೋಗುತ್ತಿದ್ದೇನೆ. ಹೇಮಂತ್ ಎಂದಿನಂತೆ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಫಿಲ್ಮ್ ತೊಳೆಯುತ್ತಾರೆ. ಅಲ್ಲಿನ ಹಗ್ಗದ ಮೇಲೆ ನನ್ನ ಬಟ್ಟೆಗೆ ಜಾಗವಿಲ್ಲ, ಬರೀ ಅವರ ಅಗಲವಾದ ನೆಗೆಟಿವ್‌ಗಳು.

ಮಗುವಿನ ಮುಖವನ್ನು ನೀನು ನೋಡಲಿಲ್ಲ. ಹುಬ್ಬಳ್ಳಿಯಿಂದ ನೀನು ಬರುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಹೊಟ್ಟೆಯಲ್ಲೇ ತೀರಿಕೊಂಡಿದ್ದ ಕೂಸನ್ನು ಒರೆಸಿ, ಬಿಳಿ ಬಟ್ಟೆ ಸುತ್ತಿ ನರ್ಸ್ ನನ್ನ ಪಕ್ಕ ಮಲಗಿಸಿದಾಗ ಹೇಮಂತ್ ತಮ್ಮ ಹಳೇ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೊ ತೆಗೆದರು. "ನೆನಪಿಗೆ ಇರಲಿ ಸಿಂಧು" ಎಂದರು. ಅವರ ಕೈ ಹಿಡಿದುಕೊಂಡು ಅತ್ತೆ.

ಆಮೇಲೆ ಕೇಳಿದಾಗೆಲ್ಲ "ಇನ್ನೂ ತೊಳೆದಿಲ್ಲ ಕಣೇ" ಅನ್ನುತ್ತಿದ್ದರು. ಒಂದು ಸಂಜೆ ಕಾಫಿ ಕೊಡಲು ಹೋದರೆ, ಸ್ಕ್ಯಾನ್ ಮಾಡಿದ ಚಿತ್ರ ಕಂಪ್ಯೂಟರಿನಲ್ಲಿತ್ತು. ನನ್ನ ಮಗಳು ಆಸ್ಪತ್ರೆಯ ಮಂಚದಲ್ಲಿರಲಿಲ್ಲ. ಹುಲಿಕೆರೆ ಕಲ್ಯಾಣಿಯ ಮೆಟ್ಟಿಲ ಮೇಲೆ, ನೀರಿನ ಅಂಚಿಗೆ ಮಲಗಿದ್ದಳು. ಅವಳ ಕೆನ್ನೆಯೊಳಗಿಂದ ಕಲ್ಲು ಕಾಣುತ್ತಿತ್ತು. ಹೇಮಂತ್ ಆ ಕೆನ್ನೆಯ ಮೇಲಿನ ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತ ಕೂತಿದ್ದರು.

"ಇದೇನ್ರೀ ಇದು?"

"ಈ ಕ್ಯಾಮೆರಾದಲ್ಲಿ ರೋಲ್ ಕೈಯಲ್ಲೇ ತಿರುಗಿಸಬೇಕಲ್ಲ, ಮರೆತೆ. ಎರಡು ಫೋಟೊ ಒಂದರ ಮೇಲೊಂದು ಬಿದ್ದುಬಿಡ್ತು. ಆದ್ರೂ ಹೆಂಗೆ ಬಂದಿದೆ ನೋಡು."

ಕೈತಪ್ಪಿಗೆ ಯಾರನ್ನು ಬೈಯಲಿ? ಹಾಗಿದ್ದರೂ ಸರಿ, ನನಗೊಂದು ಪ್ರಿಂಟ್ ಕೊಡಿ ಎಂದೆ. "ಸ್ಪರ್ಧೆ ಮುಗೀಲಿ" ಎಂದರು. ಸ್ಪರ್ಧೆಗೆ ಕಳಿಸುತ್ತಿರುವುದು ಗೊತ್ತಾದದ್ದೇ ಆಗ.

ಹೋದ ಭಾನುವಾರ ಬೇಲೂರಿನಲ್ಲಿ ಪ್ರದರ್ಶನ. ನನ್ನ ಮಗಳನ್ನು ಗೋಡೆಯಗಲ ತೂಗುಹಾಕಿದ್ದರು. ಕೆಳಗೆ "ನಿದ್ದೆ" ಎಂದು ಹೆಸರು, ಮೊದಲ ಬಹುಮಾನ. ನನ್ನ ಪಕ್ಕ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು, "ಎಷ್ಟು ನೆಮ್ಮದಿಯಾಗಿ ಮಲಗೈತೆ ಕೂಸು. ಯಾರದೋ ಏನೋ, ದೃಷ್ಟಿ ಆಗ್ತದೆ" ಎಂದರು.

"ನಂದೇ" ಅಂದೆ.

"ಮನೇಲಿ ಬಿಟ್ಟು ಬಂದಿದೀಯೇನವ್ವ?"

ಹೂಂ ಅಂದೆ.

ಹೇಮಂತ್ ಹೆಗಲ ಮೇಲೆ ಶಾಲು ಹಾಕಿಕೊಂಡು ನನ್ನನ್ನು ಚಿತ್ರದ ಮುಂದೆ ನಿಲ್ಲಿಸಿಕೊಂಡರು. "ಸ್ವಲ್ಪ ನಗು, ಪೇಪರಿನವರು ತೆಗೀತಿದಾರೆ." ನಕ್ಕೆ, ಅಕ್ಕಾ.

ಇದನ್ನೆಲ್ಲ ಅಮ್ಮನಿಗೆ ಹೇಳಬೇಡ. ನಿನ್ನ ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಇಬ್ಬರಿಗೂ ಈ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ,
ಸಿಂಧು

ತಾ.ಕ.: ಅವತ್ತು ಪ್ರದರ್ಶನದಲ್ಲಿ, ಈ ಚಿತ್ರ ಹೇಗೆ ತೆಗೆದಿರಿ ಎಂದು ಯಾರೋ ಕೇಳಿದರು. ನಾನು ಹಿಂದೆಯೇ ಇದ್ದದ್ದು ಹೇಮಂತ್‌ಗೆ ಕಾಣಲಿಲ್ಲ. "ಮೊದ್ಲು ಕಲ್ಯಾಣಿ ತೆಗೆದೆ, ಬೆಳಕು ಕಮ್ಮಿ ಮಾಡಿ. ರೋಲ್ ತಿರುಗಿಸದೆ ಹಂಗೇ ಮಗೂಗೆ ಅಂತ ಇಟ್ಕೊಂಡಿದ್ದೆ" ಎಂದರು. ಮಗುವಿನ ಎದೆಬಡಿತ ನಿಂತಿದೆ, ನಾಳೆ ಹೆರಿಗೆ ಮಾಡಿಸೋಣ ಎಂದು ಡಾಕ್ಟರು ಹೇಳಿದ ಮಧ್ಯಾಹ್ನ, ನನ್ನನ್ನು ಅಮ್ಮನ ಹತ್ತಿರ ಬಿಟ್ಟು ಹೇಮಂತ್ ಬೈಕ್ ಹತ್ತಿ ಹೋಗಿದ್ದರು. ಕತ್ತಲಾಗುವ ಹೊತ್ತಿಗೆ ಬಂದು ನನ್ನ ಪಕ್ಕ ಕೂತರು. ಎಲ್ಲೋ ಒಬ್ಬರೇ ಅತ್ತು ಬಂದಿದ್ದಾರೆ ಅಂದುಕೊಂಡು, ನಾನೇ ಅವರ ತಲೆ ಸವರಿ ಸಮಾಧಾನ ಮಾಡಿದೆ.