ಏಳನೆಯ ಅನುಬಂಧದ ಪಟ್ಟಿ

ಮುದ್ರಣಾಲಯದ ವಸತಿಗೃಹ, ಮೂರನೆಯ ಮಹಡಿ
ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ, ಇಲ್ಲ ಈಗಲೂ ಹೊಲಿಗೆ ಯಂತ್ರವನ್ನು ಒಂದೇ ಕಾಲಿನಲ್ಲಿ ತುಳಿಯುತ್ತಿದ್ದೀಯೋ? ಕಿವಿಗೆ ಹಾಕಿಕೊಳ್ಳುವ ಶ್ರವಣಯಂತ್ರವನ್ನು ಡಬ್ಬಿಯಲ್ಲೇ ಇಟ್ಟಿದ್ದೀಯೆಂದು ನನಗೆ ಗೊತ್ತು. ಅದಕ್ಕೇ ಫೋನಿನಲ್ಲಿ ಗಂಟಲು ಹರಿದುಕೊಳ್ಳುವ ಬದಲು ಬರೆಯುತ್ತಿದ್ದೇನೆ. ಹೋದ ವಾರ ಸಮುದ್ರದ ನೀರು ಮತ್ತೆ ಹೊಸ್ತಿಲು ದಾಟಿ ಯಂತ್ರದ ಬುಡದವರೆಗೆ ಬಂದಿತ್ತೆಂದು ಓದಿ ನನಗೆ ಊಟ ರುಚಿಸಲಿಲ್ಲ. ಗುಡ್ಡದ ಮೇಲಿನ ಎರಡು ಕೋಣೆ ಖಾಲಿ ಇದೆ, ಶುಕ್ರವಾರದೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ನಿನ್ನ ಓರಗಿತ್ತಿ ಗಡುವು ಹಾಕಿದ್ದಾಳಲ್ಲ. ಅವಳ ಬಾಯಿಗೆ ಬೀಳುವುದಕ್ಕಿಂತ ನೀರಿಗೆ ಬೀಳುವುದೇ ವಾಸಿ ಎಂದು ನೀನು ಬರೆದಿದ್ದೀಯ. "ಸರ್ಕಾರ ತಡೆಗೋಡೆ ಕಟ್ಟತ್ತಂತೆ. ನೀನು ಸರ್ಕಾರದ ಕಾಗದನೆಲ್ಲ ಅಚ್ಚಿಗೆ ಮುಂಚೆನೇ ಓದೋನು, ನಮ್ಮ ಬೀದಿ ಇದೆಯಾ ನೋಡಿ ಹೇಳು" ಎಂದು ಕೇಳಿದ್ದೀಯ. ನೋಡಿದ್ದೇನೆ, ಹೇಳುತ್ತೇನೆ. ಮೊದಲು ಹೊಟ್ಟೆಯಲ್ಲಿರುವುದನ್ನು ಕಾರಿಕೊಳ್ಳಲು ಬಿಡು.

ರಾಷ್ಟ್ರೀಯ ಹವಾಮಾನ ಕಾರ್ಯಯೋಜನೆ ಎಂಬ ಈ ಗ್ರಂಥಕ್ಕೆ ನಾನೂರ ಹದಿನೆಂಟು ಪುಟ. ನಿನ್ನ ಹಳೆಯ ಇಸ್ತ್ರಿಪೆಟ್ಟಿಗೆಗಿಂತ ಭಾರ, ಅದರ ಅರ್ಧದಷ್ಟೂ ಉಪಯೋಗವಿಲ್ಲ. ರಕ್ಷಾಪುಟದ ಬಣ್ಣಕ್ಕೇ ಮೂರು ವಾರ ತಿಂದರು. ಇಲಾಖೆಯ ಉಪಕಾರ್ಯದರ್ಶಿ ನಮ್ಮ ಯಂತ್ರದ ಮನೆಗೆ ಮೂಗು ಮುಚ್ಚಿಕೊಂಡು ಬಂದು, "ಈ ಹಸಿರು ಬೇಡ ಕಣ್ರೀ, ಭರವಸೆ ಹುಟ್ಟಿಸೋ ಹಸಿರು ಕೊಡಿ" ಎಂದ. ಕೊನೆಗೆ ಮೊದಲನೆಯದನ್ನೇ ಹೊಸ ಲಕೋಟೆಯಲ್ಲಿಟ್ಟು ಕೊಟ್ಟೆವು, "ಇದು ನೋಡಿ!" ಎಂದು ಸಹಿ ಹಾಕಿದ. ಮಂತ್ರಿ ಸಸಿ ಹಿಡಿದ ಫೋಟೊ ತೆಗೆಯುವಷ್ಟರಲ್ಲಿ ಸಸಿ ಬಾಡಿ, ಇನ್ನೊಂದು ತರಿಸಿದರಂತೆ. ಹೊಗೆ ಕಡಿಮೆ ಮಾಡುವ ಗುರಿಯ ವರ್ಷವಂತೂ ಮೊದಲ ಕರಡಿನಿಂದ ಎರಡನೆಯದಕ್ಕೆ ಹತ್ತು ವರ್ಷ, ಎರಡನೆಯದರಿಂದ ಮೂರನೆಯದಕ್ಕೆ ಇನ್ನೂ ಹತ್ತು ವರ್ಷ ಮುಂದಕ್ಕೆ ಜರುಗಿತು. ಇನ್ನೆರಡು ಕರಡು ಬಂದಿದ್ದರೆ ಈ ಮಂತ್ರಿಯ ಮೊಮ್ಮಗನೂ ನಿವೃತ್ತನಾಗಿರುತ್ತಿದ್ದ. ಮುಚ್ಚಬೇಕಾದ ಕಲ್ಲಿದ್ದಲ ಸ್ಥಾವರಗಳಿಗೆ ಒಂದು ಸಮಿತಿ, ಆ ಸಮಿತಿಗೆ ಸದಸ್ಯರನ್ನು ಹುಡುಕಲು ಒಂದು ಉಪಸಮಿತಿ. ನಾಚಿಕೆ ಎಂಬುದನ್ನು ಇವರು ಯಾವ ಅಂಗಡಿಯಲ್ಲಿ ಮಾರಿಕೊಂಡರೋ.

ನಮ್ಮ ಕೆಲಸ ನಿನಗೆ ಗೊತ್ತಲ್ಲ. ನಾನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಎದುರಿಗೆ ನನ್ನ ಜೊತೆಗಾರ ಗೊಣಗಪ್ಪ ಮೂಲ ಪ್ರತಿ ಹಿಡಿದು ತಾಳೆ ನೋಡಬೇಕು. "ಸೂಕ್ತ ಕ್ರಮ ಕೈಗೊಳ್ಳಲಾಗುವುದು ಪೂರ್ಣವಿರಾಮ" ಎಂದು ಮುನ್ನೂರು ಸಲವಾದರೂ ಕೂಗಿದ್ದೇನೆ. "ಇಷ್ಟು ಸಲ ಕೈಗೊಂಡ್ರೆ ಕೈ ಸವೆದು ಹೋಗತ್ತೆ ಕಣೋ" ಎಂದು ಗೊಣಗಪ್ಪ ಗೊಣಗಿದ. ಅವನ ಜನ್ಮದಲ್ಲಿ ಆಡಿದ ಒಳ್ಳೆಯ ಮಾತು ಅದೊಂದೇ. ಪಟ್ಟಿಗಳನ್ನು ಮಾತ್ರ ನಾವು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ. ಮೇಲಿನಿಂದ ಓದಿದರೆ ಅರ್ಥ ಕೂಡಿಬಿಡುತ್ತದೆ, ಅರ್ಥ ಕೂಡಿದರೆ ಕಣ್ಣು ಸೋಮಾರಿಯಾಗುತ್ತದೆ.

ಈಗ ನಿನ್ನ ವಿಷಯ. ತಡೆಗೋಡೆಯ ಅಧ್ಯಾಯಕ್ಕೆ ಏಳನೆಯ ಅನುಬಂಧವಾಗಿ ನಿಮ್ಮೂರಿನ ಬೀದಿಗಳ ಪಟ್ಟಿ ಇದೆ. ನಿನ್ನೆ ಓದುತ್ತಿದ್ದಾಗ ಗೊಣಗಪ್ಪ ತಡೆದ. ಮೂಲದಲ್ಲಿದ್ದ ಒಂದು ಸಾಲನ್ನು ಅಕ್ಷರ ಜೋಡಿಸುವವರು ಬಿಟ್ಟಿದ್ದರು. ಯಾವ ಸಾಲು ಹೇಳು? ನಿನ್ನ ಬೀದಿ! ಫೋರ್ಮನ್ ಹತ್ತಿರ ಓಡಿದೆ. "ಪುಟ ಕಟ್ಟಿ ಆಯ್ತು, ಒಂದು ಬೀದಿ ಹೋದ್ರೆ ಏನು ಮಹಾ" ಎಂದ. ಬಾಯಿಗೆ ಬಂದಂತೆ ಬೈದೆ, ಮೇಜು ಗುದ್ದಿದೆ, ಅಲ್ಲೇ ನಿಂತು ನಿನ್ನ ಬೀದಿಯನ್ನು ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿ ಸೇರಿಸಿದೆ. ಮೂವತ್ತು ವರ್ಷದ ನೌಕರಿಯಲ್ಲಿ ನನ್ನವರಿಗೆ ಆಗಿಬಂದ ತಿದ್ದುಪಡಿ ಇದೊಂದೇ ಅಕ್ಕಾ, ಮನೆಗೆ ಎದೆಯುಬ್ಬಿಸಿ ನಡೆದು ಬಂದೆ. ಈ ದಂಡಪಿಂಡಗಳು ಗೋಡೆ ಕಟ್ಟಲು ಹತ್ತು ವರ್ಷ ಮಾಡಬಹುದು, ಆದರೆ ಕಟ್ಟುತ್ತಾರೆ. ಓರಗಿತ್ತಿಗೆ ಬೇಡವೆಂದು ಹೇಳಿ ಭಾವ ಕಟ್ಟಿದ ಮನೆಯಲ್ಲೇ ನೆಮ್ಮದಿಯಾಗಿರು. ಬಿಡುಗಡೆಗೆ ಮುಂಚೆ ಒಂದಕ್ಷರ ಹೊರಗೆ ಹೋದರೆ ನನ್ನ ಕೆಲಸ ಹೋಗುತ್ತದೆ, ನಿವೃತ್ತಿಗೆ ಇನ್ನೆರಡೇ ವರ್ಷ. ಓದಿ ಒಲೆಗೆ ಹಾಕು, ಬೀದಿಯವರಿಗೆ ಸುಳಿವು ಕೊಡಬೇಡ.

ಇವಳು ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಮಗಳಿಗೆ ನೀನು ಹೊಲಿದ ಅಂಗಿ ಬಿಗಿಯಾಯಿತು, ಬೇರೆ ಹೊಲಿದುಕೊಡಬೇಕಂತೆ. ನಿನ್ನ ಮಂಡಿ ಬೇಗ ಮಾತು ಕೇಳಲಿ.

ನಿನ್ನ ತಮ್ಮ,
ನೀನೇ ಕಡ್ಡಿ ಎಂದು ಹೆಸರಿಟ್ಟವನು

ತಾ.ಕ.: ಸೋಮವಾರ, ಹತ್ತೂವರೆ. ಅಕ್ಕಾ, ಮೇಲೆ ಬರೆದಿದ್ದನ್ನು ನಂಬಬೇಡ. ಹರಿದು ಬೇರೆ ಬರೆಯಲು ಹೊತ್ತಿಲ್ಲ, ಹನ್ನೊಂದಕ್ಕೆ ಅಂಚೆ ಹೋಗುತ್ತದೆ. ನಿನ್ನ ಬೀದಿಯನ್ನು ಇನ್ನೊಮ್ಮೆ ನೋಡಿ ಖುಷಿಪಡೋಣವೆಂದು ಕರಡನ್ನು ತಿರುವಿದೆ, ಈ ಸಲ ಎಲ್ಲರಂತೆ ಮೇಲಿನಿಂದ. ಪಟ್ಟಿ ಶುರುವಾಗುವುದು ನಾಲ್ಕು ಪುಟ ಹಿಂದೆ. ಆ ಪುಟಗಳನ್ನು ಓದಿದ್ದು ಪಕ್ಕದ ಮೇಜಿನವರು. ತಲೆಬರಹ ಇದ್ದದ್ದು ಅವರ ಪಾಲಿನ ಪುಟದಲ್ಲಿ. 'ತಡೆಗೋಡೆಯ ಹೊರಗೆ ಬಿಡಲಾಗುವ ಬೀದಿಗಳು' ಎಂದಿದೆ. ನಿನ್ನನ್ನು ಅದಕ್ಕೆ ಜಗಳವಾಡಿ ಸೇರಿಸಿದವನು ನಾನು. "ಮೂಲದಲ್ಲೇ ಇತ್ತಲ್ಲೋ, ನೀನು ಸೇರಿಸದಿದ್ರೂ ಗೋಡೆ ಬರ್ತಿರಲಿಲ್ಲ" ಎಂದು ಗೊಣಗಪ್ಪ ಸಮಾಧಾನ ಹೇಳುತ್ತಿದ್ದಾನೆ. ಅವರನ್ನೆಲ್ಲ ಹೀಯಾಳಿಸುತ್ತ ಕೂತ ನಾನೇ ಶತಮೂರ್ಖ. ಓರಗಿತ್ತಿಗೆ ಈಗಲೇ ಹೂಂ ಅನ್ನು, ಅವಳು ಏನಾದರೂ ಅಂದುಕೊಳ್ಳಲಿ. ಪುಸ್ತಕ ಹೊರಬರುವುದು ಮುಂದಿನ ತಿಂಗಳು. ಆಮೇಲೆ ಗುಡ್ಡದ ಮೇಲೆ ಯಾರಿಗೂ ಒಂದು ಮೂಲೆಯೂ ಸಿಗುವುದಿಲ್ಲ. ತಲೆಬರಹದ ಪುಟ, ನಿನ್ನ ಬೀದಿಯ ಪುಟ, ಎರಡನ್ನೂ ಇದರೊಳಗೆ ಮಡಿಸಿಟ್ಟಿದ್ದೇನೆ. ಒಲೆಗೆ ಹಾಕಬೇಡ. ಪ್ರತಿ ಮನೆಗೂ ಹೋಗಿ ತೋರಿಸು. ಮೂಲೆಯಲ್ಲಿ ನನ್ನ ಸಹಿ ಇದೆ, ನನ್ನನ್ನು ಉಳಿಸಲೆಂದು ಅದನ್ನು ಹರಿದುಗಿರಿದು ತೆಗೆಯಬೇಡ. ನಂಬದವರಿಗೆ ಮೊದಲು ಅದನ್ನೇ ತೋರಿಸು.