ಗುರುವಾರದ ಹೊಲಿಗೆ ಕ್ಲಾಸು

ತಮ್ಮಾ,

ನಾನು ಬೆಳಗಿನ ಪಾಳಿಗೆ ಹೊರಟೆ. ಬಹಳ ದಿನದ ಮೇಲೆ ನಿನಗೆ ನಿದ್ದೆ ಹತ್ತಿದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಹನ್ನೊಂದಕ್ಕೆ ಕೌನ್ಸೆಲರ್ ಹತ್ತಿರ ಹೋಗಬೇಕು, ಮರೆಯಬೇಡ. ಇವತ್ತು ಬೈಕ್ ಬೇಡ, ಬಸ್ಸಿನಲ್ಲಿ ಹೋಗು.

ಮೊದಲು ಒಂದು ಫಾರಂ ತುಂಬಿಸುತ್ತಾರೆ. ಆಮೇಲೆ ನಿದ್ದೆ, ಊಟ, ಕೆಲಸ ಹೇಗಿದೆ ಅಂತ ಕೇಳುತ್ತಾರೆ. ಲಿಫ್ಟ್ ರಿಪೇರಿ ಮಾಡುವಾಗ ನಿನ್ನ ಜೊತೆಗಾರ ಕಣ್ಣೆದುರೇ ಬಿದ್ದದ್ದನ್ನು ಮೊದಲ ದಿನವೇ ಹೇಳಬೇಕೆಂದೇನಿಲ್ಲ. ಸುಮ್ಮನೆ ಕೂತರೂ ಅವರು ಬೇಸರಪಡುವುದಿಲ್ಲ. ಏನು ಮಾತಾಡಿದೆ ಅಂತ ನಾನೂ ಕೆದಕುವುದಿಲ್ಲ. ಬಂದ ಮೇಲೆ ಮನಸ್ಸು ಇನ್ನೂ ಭಾರವಾದರೆ ಹೆದರಬೇಡ, ಉಂಡು ಮಲಗು. ಅನ್ನ, ಸಾರು ಮಾಡಿಟ್ಟಿದ್ದೇನೆ.

"ನಂಗೇನು ಹುಚ್ಚಾ ಅಕ್ಕಾ?" ಅಂತ ನಿನ್ನೆ ಬಾಗಿಲು ದಡಾರನೆ ಹಾಕಿಕೊಂಡೆಯಲ್ಲ, ನನಗೆ ಸಿಟ್ಟು ಬಂತು. ಉತ್ತರ ಈಗ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡ ವರ್ಷ ಗುರುವಾರ ಗುರುವಾರ ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆನಲ್ಲ? ಎಂಟು ತಿಂಗಳಾದರೂ ಗುಂಡಿ ಹೊಲಿಯಲು ಬರಲಿಲ್ಲವೆಂದು ನೀನು ಆಡಿಕೊಳ್ಳುತ್ತಿದ್ದೆ. ಅಂಥ ಕ್ಲಾಸೇ ಇರಲಿಲ್ಲ ಕಣೋ. ಇವತ್ತು ನೀನು ಹೋಗುವ ಕಟ್ಟಡದಲ್ಲೇ ಇನ್ನೊಬ್ಬ ಕೌನ್ಸೆಲರ್ ಮೇಡಂ ಮುಂದೆ ಕೂತು ಅಳುತ್ತಿದ್ದೆ. ನಿನಗೆ ಹೇಳಲು ನಾಚಿಕೆಯಾಗಿತ್ತು.

ಮೊದಲ ದಿನ ಮೆಟ್ಟಿಲ ತನಕ ಹೋಗಿ ವಾಪಸ್ ಬಂದಿದ್ದೆ. ನೀನೂ ಹಾಗೇ ಬಂದರೆ ಬಯ್ಯುವುದಿಲ್ಲ. ಮುಂದಿನ ವಾರ ರಜೆ ಹಾಕಿ ಜೊತೆಗೆ ಬಂದು, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ಅಕ್ಕ